ನೀಲಿ ದ್ರಾಕ್ಷಿಯ ಎಡೆ

ಆಗಸ್ಟ್ 29, ಶುಕ್ರವಾರ

ಈ ಡೈರಿ ಸಿಮೆಂಟ್ ಅಂಗಡಿಯವನು ಹೊಸ ವರ್ಷಕ್ಕೆ ಇವರಿಗೆ ಕೊಟ್ಟದ್ದು. ಇವರು ಒಂದಕ್ಷರ ಬರೆಯಲಿಲ್ಲ. ಮಾರ್ಚ್ ತಿಂಗಳಲ್ಲಿ, ಕೈಯಲ್ಲಿ ಪೇಪರ್ ಹಿಡಿದುಕೊಂಡೇ, ಹೋಗಿಬಿಟ್ಟರು. ಹೃದಯ ನಿಂತಿತು ಅಂದರು ಡಾಕ್ಟರು. ಇವತ್ತು ಯಾರಿಗಾದರೂ ಹೇಳದಿದ್ದರೆ ನನ್ನ ತಲೆ ಸಿಡಿದುಹೋಗುತ್ತದೆ. ಹೇಳಿಕೊಳ್ಳುವಂಥವರು ಯಾರೂ ಇಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಇವರ ಫೋನನ್ನು ಇನ್ನೂ ಚಾರ್ಜ್ ಮಾಡಿ ಇಟ್ಟಿದ್ದೇನೆ, ಬಾಡಿಗೆಯವರು ಅದಕ್ಕೇ ಮಾಡುತ್ತಾರೆ ಅಂತ. ಬೆಳಿಗ್ಗೆ ಹೊಡೆದುಕೊಂಡಿತು. ಯಾವುದೋ ಹುಡುಗಿ.

"ಅಶ್ವತ್ಥ್ ಸರ್, ವೈನ್ ಟೇಸ್ಟಿಂಗ್ ರೂಮಿಂದ. ತುಂಬ ದಿನ ಆಯ್ತಲ್ಲ ಸರ್ ನೀವ್ ಬಂದು? ಹೊಸ ಬ್ಯಾಚ್ ರೆಡಿ ಇದೆ. ಯಾವತ್ತಾದ್ರೂ ಬನ್ನಿ."

ತಟ್ಟನೆ ಕಟ್ ಮಾಡಿಬಿಟ್ಟೆ. ಸ್ವಲ್ಪ ಸುಧಾರಿಸಿಕೊಂಡು ಅದೇ ನಂಬರಿಗೆ ಮಾಡಿದರೆ ಯಂತ್ರ ಮಾತಾಡುತ್ತದೆ, ಅದಕ್ಕೆ ಇದನ್ನು ಒತ್ತಿ ಇದಕ್ಕೆ ಅದನ್ನು ಒತ್ತಿ ಅಂತ. ಒತ್ತೀ ಒತ್ತೀ ಸಾಕಾಯಿತು, ಮನುಷ್ಯರು ಸಿಗಲಿಲ್ಲ.

ವೈನಂತೆ! ಮೂರು ವರ್ಷದ ಹಿಂದೆ ಡಾಕ್ಟರು ಲಿವರ್ ತೋರಿಸಿ ಬೈದಾಗ ಈ ಮನುಷ್ಯನನ್ನು ಎಳೆದುಕೊಂಡು ಕೆರೆ ಪಕ್ಕದ ಮುನೇಶ್ವರನ ಗುಡಿಗೆ ಹೋಗಿದ್ದವಳು ನಾನು. ಕರ್ಪೂರ ಹಚ್ಚಿ, ಅದರ ಮುಂದೆ, "ಇನ್ಮೇಲೆ ಒಂದು ಗುಟುಕೂ ನುಂಗಲ್ಲ" ಅಂತ ಆಣೆ ಮಾಡಿದರು. ಮಾಡಿ, ನನ್ನ ಕಡೆ ತಿರುಗಿ, "ನಾನೊಬ್ನೇ ಯಾಕೆ? ನೀನೂ ಮಾಡೇ ಶಾಂತಿ" ಅಂತ ನಕ್ಕರು. ನಾನು ಹುಟ್ಟಿದ ಮೇಲೆ ಮುಟ್ಟಿದವಳಲ್ಲ. ಆದರೂ ಮಾಡಿದೆ. ಆಮೇಲಿಂದ ಬ್ರಾಂದಿ ಬಾಟಲಿ ಮನೆಯೊಳಗೆ ಬರಲಿಲ್ಲ. ನನ್ನ ಗಂಡ ಗೆದ್ದುಬಿಟ್ಟರು ಅಂತ ತಂಗಿಯರ ಮುಂದೆ ಎಷ್ಟು ಕೊಚ್ಚಿಕೊಂಡಿದ್ದೆ.

ಮೋಸ. ಹಗಲು ಮೋಸ.

ಆಗಸ್ಟ್ 31, ಭಾನುವಾರ

ಮೈದುನ ವಿಜಯ್ ಕುಮಾರ್ ಬಂದಿದ್ದ. ಮಹಾಲಯ ಅಮಾವಾಸ್ಯೆ ಹತ್ತಿರ ಬಂತು, ಅಣ್ಣನಿಗೆ ಹೊಸ ಎಡೆ ಅಲ್ಲವಾ, ಚೆನ್ನಾಗಿ ಮಾಡಬೇಕು ಅಂತ. ಸತ್ತವರಿಗೆ ಏನೇನು ಇಷ್ಟವಿತ್ತೋ ಅಷ್ಟನ್ನೂ ಎಲೆಯ ಮುಂದೆ ಇಡುವುದು ನಮ್ಮ ಮನೆಯ ಪದ್ಧತಿ. ಮಾವನಿಗೆ ಇವತ್ತಿಗೂ ಬೀಡಿ ಕಟ್ಟು ಇಡುತ್ತೇವೆ.

"ಬಟ್ಟೆ ನಾನ್ ತರ್ತೀನಿ ಅತ್ತಿಗೆ. ಬ್ರಾಂದೀನೂ ನಾನೇ ತರ್ತೀನಿ, ನೀವ್ ತಲೆ ಕೆಡಿಸ್ಕೋಬೇಡಿ" ಅಂದ. ಬ್ರಾಂದಿ ತರುವುದಕ್ಕೆ ವಿಜಿ ಯಾವತ್ತೂ ಬೇಸರ ಪಟ್ಟುಕೊಂಡವನಲ್ಲ. ಎಡೆ ಎತ್ತಿದ ಮೇಲೆ ಅದು ಹೋಗುವುದೂ ಅವನ ಹೊಟ್ಟೆಗೇ.

ಅತ್ತೆ ಮೂಲೆಯಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ಮುನಿಗಂಗಮ್ಮ ಅಂದರೆ ನಮ್ಮ ಜಕ್ಕೂರಿನಲ್ಲಿ ಈಗಲೂ ಗಂಡಸರು ಎದ್ದು ನಿಲ್ಲುತ್ತಾರೆ. ತಲೆ ಎತ್ತದೆ ಹೇಳಿದರು:

"ಆಣೆ ಮೇಲಿರೋನ್ಗೆ ಬ್ರಾಂದಿ ಇಕ್ಕುದ್ರೆ ಎಂಗ್ಲಾ ಮುಟ್ಟಾನು? ಬಾಗ್ಲುಗಂಟ ಬಂದು, ನೋಡ್ಬುಟ್ಟು, ಅಸ್ಕೊಂಡೇ ಓಯ್ತಾನೆ."

ವಿಜಿ ನಗಾಡಿದ. ಅತ್ತೆ ನಗಲಿಲ್ಲ. ನನ್ನ ಕಡೆ ನೋಡಿದರು. "ಆಣೆ ಆಕ್ಸಿದೋಳು ನೀನು, ನೀನೇ ಬಿಡುಸ್ಬೇಕು ಕಣವ್ವ. ನನ್ ಮಗ ಉಳುಸ್ಕೊಂಡಿದ್ರೆ ಕರ್ಪೂರ ಅಚ್ಚಿ ಬಿಡ್ಸು. ಮುರ್ದಿದ್ರೆ ಅವನ್ ಎಸ್ರಲ್ಲಿ ತಪ್ಪುಕಾಣಿಕೆ ಆಕು. ಎಲ್ಡ್ರಾಗೆ ಯಾವ್ದು ಅಂತ ಅವನ್ ಜತೆ ಬಾಳಿದೋಳು ನಿಂಗೆ ಗೊತ್ತಿರ್ತದೆ."

ನನಗೆ ಏನು ಗೊತ್ತು, ಮಣ್ಣು. ಆ ಫೋನಿನ ವಿಷಯ ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ.

ಸೆಪ್ಟೆಂಬರ್ 2, ಮಂಗಳವಾರ

ಕೂತರೆ ನಿಲ್ಲೋಣ ಅನ್ನಿಸುತ್ತದೆ, ನಿಂತರೆ ಎಲ್ಲಿಗಾದರೂ ಹೋಗೋಣ. ನೆಲ ಒರೆಸಿದೆ, ಒರೆಸಿದ್ದನ್ನೇ ಒರೆಸಿದೆ. ಬೀರುವಿನಲ್ಲಿದ್ದ ಇವರ ಅಂಗಿಗಳನ್ನೆಲ್ಲ ಮೂಸಿ ನೋಡಿದೆ, ಪೊಲೀಸ್ ನಾಯಿ ಕೆಲಸ. ನುಸಿ ಗುಳಿಗೆಯ ವಾಸನೆ ಬಿಟ್ಟರೆ ಏನೂ ಇಲ್ಲ. ಜಕ್ಕೂರು ಏರೋಡ್ರೋಮಿನ ಆ ಪುಟ್ಟ ತರಬೇತಿ ವಿಮಾನ ತಲೆಯ ಮೇಲೆ ಸುತ್ತುತ್ತಲೇ ಇತ್ತು. ಯಾರೋ ಕಲಿಯುತ್ತಿದ್ದಾರೆ, ಕಲಿಯಲಿ, ಬೇರೆ ಕಡೆ ಕಲಿಯಬಾರದಾ?

ಕುಡಿದರಾ, ಕುಡಿಯಲಿಲ್ಲವಾ. ಇದೊಂದು ಗೊತ್ತಾಗಬೇಕು.

ಸೆಪ್ಟೆಂಬರ್ 4, ಗುರುವಾರ

ಹೋಗಿಯೇಬಿಟ್ಟೆ. ಫೋನಿನಲ್ಲಿ ಹುಡುಕಿದರೆ ನಮ್ಮ ಕಡೆಯೇ ಮೂರು ಇವೆ ಇಂಥವು: ಹೆಬ್ಬಾಳದಲ್ಲಿ ಒಂದು, ಯಲಹಂಕದಲ್ಲಿ ಒಂದು, ಏರ್‌ಪೋರ್ಟ್ ರಸ್ತೆಯಲ್ಲಿ ಒಂದು. ಊರೊಳಗೇ ವೈನ್ ಮಾಡಿ, ಅಲ್ಲೇ ಕೂರಿಸಿ ರುಚಿ ತೋರಿಸುತ್ತಾರಂತೆ. ಮೊದಲು ಹೆಬ್ಬಾಳ. ಅತ್ತೆಗೆ, ದಂತ ವೈದ್ಯರ ಹತ್ತಿರ ಹೋಗ್ತಿದ್ದೀನಿ ಅಂದೆ.

ಬಾರ್ ಥರ ಕತ್ತಲೆ ಇರುತ್ತದೆ, ಸೆರಗು ಹೊದ್ದು ಒಂದು ಮೂಲೆಯಲ್ಲಿ ನಿಂತು ಕೇಳಿ ಬಂದುಬಿಡೋಣ ಅಂದುಕೊಂಡಿದ್ದೆ. ಒಳಗೆ ನೋಡಿದರೆ ಬ್ಯೂಟಿ ಪಾರ್ಲರಿಗಿಂತ ಜಾಸ್ತಿ ಬೆಳಕು. ಗಾಜಿನ ಆಚೆ ದೊಡ್ಡ ಸ್ಟೀಲ್ ಪೀಪಾಯಿಗಳು, ಹಾಲಿನ ಡೈರಿಯಲ್ಲಿ ಇರುವಂಥವು. ಉದ್ದ ಟೇಬಲ್ಲು. ಏನು ಎತ್ತ ಕೇಳುವ ಮುಂಚೆ ನನ್ನನ್ನು ಕೂರಿಸಿ, ಮುಂದೆ ಸಾಲಾಗಿ ಗ್ಲಾಸು ಜೋಡಿಸಿ, ಒಂದೊಂದರಲ್ಲಿ ತೀರ್ಥದಷ್ಟು ಸುರಿದ ಒಬ್ಬ ಹುಡುಗ. ತಿರುಗಿಸಿ, ಮೂಸಿ, ಬಾಯಲ್ಲಿ ಆಡಿಸಿ ಅಂತ ಪಾಠ. ನಾನು ಕೈ ಕಟ್ಟಿಕೊಂಡು ಕೂತೆ.

ಟೇಬಲ್ ಮೇಲೆ ಒಂದು ಸ್ಟೀಲ್ ಬಕೆಟ್ ಇತ್ತು, ಹೂವು ಇಡುವುದಕ್ಕಿರಬೇಕು ಅಂದುಕೊಂಡೆ. ಅಷ್ಟರಲ್ಲಿ ಪಕ್ಕದಲ್ಲಿದ್ದ ಸೂಟು ಬೂಟಿನ ಮಹಾಶಯ ಬಾಯಿ ತುಂಬ ಮುಕ್ಕಳಿಸಿ, ಅದರೊಳಗೆ ಪಿಚಕ್ ಅಂತ ಉಗಿದ. ಹತ್ತು ಜನರ ಎದುರು! ಅಯ್ಯೋ ನಿನ್ನ! ನಮ್ಮ ಬೀದಿಯಲ್ಲಿ ಎಲೆಅಡಿಕೆ ಉಗಿದರೆ ಬೋರ್ಡ್ ಹಾಕಿ ಬೈಯುತ್ತಾರೆ, ಇಲ್ಲಿ ಅದಕ್ಕೇ ಫಳಫಳ ಪಾತ್ರೆ ಇಟ್ಟಿದ್ದಾರೆ. "ಎಲ್ಲಾ ನುಂಗಿದ್ರೆ ತಲೆಗೇರುತ್ತೆ ಮೇಡಂ, ರುಚಿ ಗೊತ್ತಾಗಲ್ಲ" ಅಂದ ಹುಡುಗ.

ಇವರ ಫೋಟೋ ತೋರಿಸಿದೆ. ನೋಡಿಲ್ಲ ಅಂದ. ಎದ್ದು ಬಂದೆ.

ಸೆಪ್ಟೆಂಬರ್ 7, ಭಾನುವಾರ

ರಾತ್ರಿ ಗ್ರಹಣ. ಅತ್ತೆ ಮಧ್ಯಾಹ್ನದಿಂದ ಒಲೆ ಹಚ್ಚಬೇಡ ಅಂದುಬಿಟ್ಟರು. ಹಸಿವಿಗೆ ಸಿಟ್ಟು ಇನ್ನೂ ಜಾಸ್ತಿ. ಕುಡಿದಿದ್ದರೆ ತಪ್ಪುಕಾಣಿಕೆ ನಾನು ಹಾಕಲ್ಲ. ಬಾಗಿಲಲ್ಲೇ ನಿಂತು ಹೋಗಲಿ. ಇವರ ಸುಳ್ಳಿಗೆ ನಾನ್ಯಾಕೆ ದೇವರ ಮುಂದೆ ಕೆನ್ನೆ ಬಡಿದುಕೊಳ್ಳಲಿ?

ಬರೆದ ಮೇಲೆ ಓದಿದರೆ ಕೆಟ್ಟದಾಗಿದೆ. ಇರಲಿ.

ಸೆಪ್ಟೆಂಬರ್ 10, ಬುಧವಾರ

ಯಲಹಂಕದ್ದು. ಅಲ್ಲೂ ಇವರನ್ನು ನೋಡಿದವರಿಲ್ಲ. ಆದರೆ ಎದುರಿಗೆ ಗ್ಲಾಸು ಇಟ್ಟಿದ್ದರು, ಬಿಳಿ ದ್ರಾಕ್ಷಿಯದು, ವಾಸನೆ ನೋಡಿದೆ. ಹಸಿ ಸೀಬೆಕಾಯಿ ಕಚ್ಚಿದ ಹಾಗೆ. ಕುತೂಹಲ ತಡೆಯಲಿಲ್ಲ. ಬಾಯಿಗೆ ಹಾಕಿಕೊಂಡುಬಿಟ್ಟೆ. ಹಾಕಿಕೊಂಡ ಮೇಲೆ ನನ್ನ ಆಣೆ ನೆನಪಾಯಿತು! ಕೆನ್ನೆ ಉಬ್ಬಿಸಿಕೊಂಡು ಬಕೆಟ್ ಹುಡುಕಿದೆ, ಅದು ಟೇಬಲ್ಲಿನ ಆ ತುದಿಯಲ್ಲಿತ್ತು. ಕಣ್ಣಲ್ಲೇ ಸನ್ನೆ ಮಾಡಿ, ತಳ್ಳಿಸಿಕೊಂಡು, ಉಗಿದೆ. ಸೀರೆಗೆ ಸಿಡಿಯಿತು. ಉಗಿಯುವುದಕ್ಕೂ ಒಂದು ಕೈಚಳಕ ಬೇಕು.

ಎರಡನೆಯದು ಸರಿಯಾಗಿ ಬಿತ್ತು. ಮೂರನೆಯದು ಕೆಂಪು, ಅದಕ್ಕೆ ಮೆಣಸಿನ ಘಾಟು. ಇವೆಲ್ಲ ಯಾಕೆ ಬರೆಯುತ್ತಿದ್ದೇನೋ.

ಹೊರಗೆ ಬರುವಾಗ ಎದುರು ವಿಜಿಯ ಕಾರು. ಅವನು ಸಿಗ್ನಲ್ಲಿನಲ್ಲಿ ನಿಂತಿದ್ದ. ನನ್ನನ್ನು ನೋಡಿದ, ನನ್ನ ತಲೆ ಮೇಲಿನ ಬೋರ್ಡು ನೋಡಿದ. ಹಿಂದಿನವರು ಹಾರ್ನ್ ಹೊಡೆದರೂ ಕಾರು ಮುಂದಕ್ಕೆ ಹೋಗಲಿಲ್ಲ.

ಸೆಪ್ಟೆಂಬರ್ 11, ಗುರುವಾರ

ಅಂದುಕೊಂಡ ಹಾಗೇ ಆಯಿತು. ಚಪ್ಪಲಿ ಬಿಡುವಾಗಲೇ ಶುರು ಮಾಡಿದ.

"ಅತ್ತಿಗೆ, ಬೇಜಾರ್ ಇರುತ್ತೆ, ನಂಗರ್ಥ ಆಗುತ್ತೆ. ಆದ್ರೆ ಅಣ್ಣ ಹೋಗಿ ವರ್ಷ ಆಗಿಲ್ಲ. ಜನ ನೋಡಿದ್ರೆ ಏನಂತಾರೆ? ನಾಳೆ ಚಿಕ್ಕಬಾಣಾವರದಲ್ಲಿ ಸುಮಾ ಅತ್ತೆಮನೆಯೋರಿಗೆ ಗೊತ್ತಾದ್ರೆ?"

ನನ್ನ ಮಗಳ ಹೆಸರು ತೆಗೆದಿದ್ದಕ್ಕೆ ಮೈ ಉರಿದುಹೋಯಿತು. ಬಾಯಿ ತೆಗೆಯುವಷ್ಟರಲ್ಲಿ ಒಳಗಿಂದ ಅತ್ತೆ:

"ನಾನೇ ಕಳುಸ್ದೆ ಕಣ್ಲಾ."

"ಎಲ್ಲಿಗೆ ಅಂತ ಗೊತ್ತೇನವ್ವ ನಿಂಗೆ?"

"ಗೊತ್ತು. ನೀನ್ ದಿನಾ ಓಗೋ ಜಾಗಕ್ಕಿಂತ ಬೆಳಕೈತಂತೆ. ಕಾಪಿ ಕುಡ್ದು ಓಗು."

ಅವನು ಕಾಫಿ ಕುಡಿಯದೆ ಹೋದ. ಎಲ್ಲಿಗೆ ಅಂತ ನಾನು ಅತ್ತೆಗೆ ಹೇಳಿರಲೇ ಇಲ್ಲ, ನನ್ನನ್ನು ಉಳಿಸುವುದಕ್ಕೆ ಅಂದಾಜಿನ ಮೇಲೆ ಅಂದಿದ್ದರು. "ಆಣೆ ವಿಸ್ಯ ಗೊತ್ತಾಯ್ತಾ?" ಅಂದರು. ಆಗ ಎಲ್ಲ ಹೇಳಿದೆ. ಫೋನು, ಹೆಬ್ಬಾಳ, ಯಲಹಂಕ, ಬಕೆಟ್ಟು. ದಂತ ವೈದ್ಯರು ಸುಳ್ಳು ಅಂತಲೂ ಹೇಳಿದೆ. ಬಕೆಟ್ಟಿನ ವಿಷಯಕ್ಕೆ ಹಲ್ಲಿಲ್ಲದ ಬಾಯಿ ತೆರೆದು ನಕ್ಕರು. ನಕ್ಕಿದ್ದು ನೋಡಿ ನನಗೂ ನಗು ಬಂತು, ಎಷ್ಟೋ ದಿನದ ಮೇಲೆ.

ಅವರೇ ಕೇಳಿದ್ದು: "ಇವ್ನು ಸನಿವಾರ ಸನಿವಾರ ಎಲ್ಗೋಗ್ತಿದ್ದ?"

ಚಿಕ್ಕಜಾಲದ ಸೈಟ್ ನೋಡಿಕೊಂಡು ಬರ್ತೀನಿ ಅಂತ ಹೋಗುತ್ತಿದ್ದರು. ಪ್ರತಿ ಶನಿವಾರ. ಖಾಲಿ ಸೈಟು. ಬೇಲಿ ಬಿಟ್ಟರೆ ಅಲ್ಲಿ ನೋಡುವುದಕ್ಕೆ ಏನಿದೆ? ಮೂರು ವರ್ಷ ನಾನು ಇದನ್ನು ಕೇಳಲೇ ಇಲ್ಲವಲ್ಲ. ಏರ್‌ಪೋರ್ಟ್ ರಸ್ತೆಯ ಆ ಮೂರನೆಯದು ಇರುವುದು ಚಿಕ್ಕಜಾಲದಲ್ಲೇ.

ಸೆಪ್ಟೆಂಬರ್ 13, ಶನಿವಾರ

ಹೋಗಿ ಬಂದೆ. ಬಂದು ಸೀರೆ ಕೂಡ ಬದಲಾಯಿಸದೆ ಕೂತಿದ್ದೇನೆ.

ಏರ್‌ಪೋರ್ಟ್ ರಸ್ತೆಯ ಸರ್ವಿಸ್ ರೋಡಿನಲ್ಲಿ, ಟೈಲ್ಸ್ ಅಂಗಡಿಯ ಮಹಡಿ. ಇವರಿಗೆ ಮಂಡಿ ನೋವು, ಇಷ್ಟು ಮೆಟ್ಟಿಲು ಹತ್ತುತ್ತಿದ್ದರಾ ಅಂದುಕೊಂಡೇ ಹತ್ತಿದೆ. ಒಳಗೆ ಕಾಲಿಟ್ಟ ಕೂಡಲೇ ನನ್ನ ಕಾಲು ನಿಂತುಬಿಟ್ಟಿತು. ಆ ವಾಸನೆ. ಯಾವುದು, ಎಲ್ಲಿಯದು ಅಂತ ತಕ್ಷಣ ಹೊಳೆಯಲಿಲ್ಲ, ಬಾಗಿಲಲ್ಲೇ ಬೆಪ್ಪಾಗಿ ನಿಂತಿದ್ದೆ.

"ಬನ್ನಿ ಆಂಟಿ" ಅಂತ ಒಬ್ಬ ಹುಡುಗಿ ಬಂದಳು. ಅದೇ ದನಿ, ಫೋನಿನದು. ಮೋನಿಕಾ ಅಂತ, ಆರ್.ಟಿ. ನಗರದವಳು. ಫೋಟೋ ತೋರಿಸಿದೆ.

"ಅಯ್ಯೋ, ಬಕೆಟ್ ಸರ್!" ಅಂದಳು. ಅಂದು ನಾಲಿಗೆ ಕಚ್ಚಿಕೊಂಡಳು. "ಸಾರಿ ಆಂಟಿ, ಅಶ್ವತ್ಥ್ ಸರ್. ಹೇಗಿದಾರೆ? ಫೋನ್ ಕಟ್ ಮಾಡ್ಬಿಟ್ರು."

ಕಟ್ ಮಾಡಿದ್ದು ನಾನು ಅಂದೆ. ಇವರು ಹೋದದ್ದನ್ನೂ ಹೇಳಿದೆ. ಆ ಹುಡುಗಿ ಕುರ್ಚಿ ಎಳೆದು ನನ್ನ ಪಕ್ಕದಲ್ಲೇ ಕೂತುಬಿಟ್ಟಳು. ಗಿರಾಕಿಗಳು ಕಾಯುತ್ತಿದ್ದರೂ ಏಳಲಿಲ್ಲ. ಅವಳ ಕಣ್ಣು ಒರೆಸಿದ್ದು ನಾನು.

ಸುತ್ತುಬಳಸದೆ ಕೇಳಿದೆ. "ಕುಡೀತಿದ್ರಾ?"

"ಸರ್ ಒಂದು ಹನಿ ನುಂಗ್ತಿರ್ಲಿಲ್ಲ ಆಂಟಿ. ಬಂದ ತಕ್ಷಣ ಬಕೆಟ್ ಎಲ್ಲಮ್ಮ ಅನ್ನೋರು, ಮಗು ಥರ ಪಕ್ಕದಲ್ಲೇ ಇಟ್ಕೊಳ್ಳೋರು. ಯಾಕ್ ಸರ್ ಒಂದ್ ಗುಟುಕಾದ್ರೂ ನುಂಗ್ಬಾರ್ದಾ ಅಂದ್ರೆ, ಮನೇಲಿ ಹುಲಿ ಇದೆ ಕಣಮ್ಮ ಅನ್ನೋರು."

ಹುಲಿಯಂತೆ! ಮನೆಗೆ ಬರಲಿ, ಇವರಿಗೆ ಇದೆ. ಅಂದರೆ, ಇತ್ತು.

"ಒಂದ್ಸಲ ಮಾತ್ರ" ಅಂದಳು. "ಹೋದ್ ವರ್ಷ. ಬಾಯಲ್ಲಿ ಇಟ್ಕೊಂಡಿದ್ದಾಗ ಕೆಮ್ಮು ಬಂದು ಗುಟುಕ್ ಅಂತ ಒಳಗೆ ಹೋಗ್ಬಿಡ್ತು. ನಾವೆಲ್ಲ ಚಪ್ಪಾಳೆ ತಟ್ಟಿದ್ವಿ ಆಂಟಿ, ಸರ್ ನುಂಗಿದ್ರು ಅಂತ. ಅವ್ರ ಮುಖ ನೋಡ್ಬೇಕಿತ್ತು. ಓಡೋಗಿ ಬಾಯಿ ತೊಳ್ಕೊಂಡು, ಹಾಗೇ ಹೊರಟ್ರು. ಒಂದು ತಿಂಗ್ಳು ಬರ್ಲೇ ಇಲ್ಲ."

ಇವರಿಗೆ ಯಾವುದು ಇಷ್ಟವಿತ್ತು ಅಂತ ಕೇಳಿದೆ. ದೊಡ್ಡ ಹೆಸರಿನವು ಯಾವುವೂ ಅಲ್ಲವಂತೆ. ನಮ್ಮ ಬೆಂಗಳೂರಿನ ನೀಲಿ ದ್ರಾಕ್ಷಿಯದು, ಗೊತ್ತಿರುವವರು ಮೂಗು ಮುರಿಯುವಂಥದ್ದು. ಅದನ್ನು ಬಾಯಿಗೆ ಹಾಕಿಕೊಂಡರೆ ಕಣ್ಣು ಮುಚ್ಚಿ ಕೂತುಬಿಡುತ್ತಿದ್ದರಂತೆ, ಉಗಿಯುವುದಕ್ಕೇ ಮನಸ್ಸಿಲ್ಲದವರ ಹಾಗೆ.

ತಂದಳು. ಮೂಗಿನ ಹತ್ತಿರ ಹಿಡಿದೆ. ಆಗ ಗೊತ್ತಾಯಿತು ಬಾಗಿಲಲ್ಲಿ ನನ್ನನ್ನು ನಿಲ್ಲಿಸಿದ್ದು ಏನು ಅಂತ. ಕೆರೆಯ ಹಿಂದೆ, ಈಗ ಅಪಾರ್ಟ್‌ಮೆಂಟ್ ಇರುವ ಕಡೆ, ನಮ್ಮ ದ್ರಾಕ್ಷಿ ಚಪ್ಪರ. ಕಲ್ಲುಕಂಬ, ತಂತಿ, ಬಿಸಿಲು ಬಿದ್ದ ಹಣ್ಣು. ಮದುವೆಯಾಗಿ ಬಂದ ಹೊಸತರಲ್ಲಿ ಬುಟ್ಟಿಗೆ ಪೇಪರ್ ಹಾಸಿ ಗೊಂಚಲು ಜೋಡಿಸುತ್ತಿದ್ದೆವು, ಇವರು ಆ ಕಡೆ, ನಾನು ಈ ಕಡೆ. ಅತ್ತೆ ನೋಡದಾಗ ಇವರು ನನ್ನ ಬಾಯಿಗೆ ಹಣ್ಣು ಹಾಕುತ್ತಿದ್ದರು. ಸಿಪ್ಪೆ ಉಗಿಯುವುದರಲ್ಲಿ ನಮ್ಮಿಬ್ಬರಿಗೆ ಪಂದ್ಯ, ಯಾರದು ದೂರ ಬೀಳುತ್ತದೆ ಅಂತ.

ಬಾಯಿಗೆ ಹಾಕಿಕೊಂಡೆ. ಉಗಿಯುವುದಕ್ಕೆ ನನಗೂ ಮನಸ್ಸು ಬರಲಿಲ್ಲ. ಉಗಿದೆ.

ಒಂದು ಬಾಟಲಿ ತಂದಿದ್ದೇನೆ. ಅಕ್ಕಿ ಡಬ್ಬದಲ್ಲಿದೆ.

ಸೆಪ್ಟೆಂಬರ್ 14, ಭಾನುವಾರ

ನನಗೆ ಯಾಕೆ ಹೇಳಲಿಲ್ಲ ಅಂತ ಬೆಳಿಗ್ಗೆಯಿಂದ ಬೈಯುತ್ತಿದ್ದೆ. ಹೇಳಿದ್ದರೆ ಏನು ಮಾಡುತ್ತಿದ್ದೆ? ಉಗಿಯುವುದಾದರೆ ಬಾಯಿಗಾದರೂ ಯಾಕೆ ಹಾಕಬೇಕು ಅಂತ ರಂಪ ಮಾಡುತ್ತಿದ್ದೆ. ಸೈಟಿಗೂ ಹೋಗದ ಹಾಗೆ ಮಾಡುತ್ತಿದ್ದೆ. ಈ ಮನುಷ್ಯನಿಗೆ ನನ್ನ ಗುಣ ಚೆನ್ನಾಗಿಯೇ ಗೊತ್ತಿತ್ತು.

ಮಧ್ಯಾಹ್ನ ಗಡದ್ದಾಗಿ ನಿದ್ದೆ ಬಂತು. ವಿಮಾನ ಹಾರಿತೋ ಇಲ್ಲವೋ ಗೊತ್ತಿಲ್ಲ.

ಸೆಪ್ಟೆಂಬರ್ 18, ಗುರುವಾರ

ಗುಡಿಗೆ ಹೋಗಿದ್ದೆ. ಒಂದು ಯೋಚನೆ ಕೊರೆಯುತ್ತಿತ್ತು: ಕೆಮ್ಮು ಬಂದು ಒಳಗೆ ಹೋದದ್ದು ಆಣೆ ಮುರಿದ ಲೆಕ್ಕವಾ, ಅಲ್ಲವಾ? ಬಿಡಿಸಬೇಕಾ, ತಪ್ಪುಕಾಣಿಕೆ ಹಾಕಬೇಕಾ? ಎರಡನ್ನೂ ಮಾಡಿಬಿಡೋಣ ಅಂತ ಕರ್ಪೂರ, ತೆಂಗಿನಕಾಯಿ, ಕಾಣಿಕೆ ಎಲ್ಲ ಸಿದ್ಧ ಮಾಡಿಕೊಂಡು ಹೋದೆ.

ಪೂಜಾರಿ ನಾಗಭೂಷಣನವರಿಗೆ ವಿಷಯ ಹೇಳಿದೆ. ಕೆಮ್ಮಿನ ಕಥೆ ಕೇಳಿ ಅವರು ಹುಂಡಿಯ ಮುಂದೆ ನನ್ನ ಕೈ ತಡೆದರು.

"ಕಾಣಿಕೆ ಬೇಡಮ್ಮ. ಅದನ್ನ ಅಶ್ವತ್ಥಣ್ಣನೇ ಹಾಕಿದಾರೆ."

"ಯಾವಾಗ?"

"ಹೋದ್ ವರ್ಷ. ಒಂದು ಶನಿವಾರ ಸಾಯಂಕಾಲ ಬಂದು, ಮುಖ ಸಣ್ಣಗ್ ಮಾಡ್ಕೊಂಡು, ತಪ್ಪುಕಾಣಿಕೆ ಹಾಕಿ ಕೆನ್ನೆ ಬಡ್ಕೊಂಡ್ರು. ಯಾಕಣ್ಣ ಅಂದೆ. ಹೇಳ್ಲಿಲ್ಲ. ಶಾಂತಿಗೆ ಗೊತ್ತಾಗೋದ್ ಬೇಡ, ಅವಳು ಕೊಚ್ಕೊಂಡಿದಾಳೆ ಅಂದ್ರು."

ಗುಡಿಯ ಕಟ್ಟೆಯ ಮೇಲೆ ಕೂತು ಅತ್ತುಬಿಟ್ಟೆ. ಹೂವಿನವಳು ನೋಡಿದಳು, ನೋಡಲಿ. ಮಾರ್ಚ್‌ನಲ್ಲಿ ಮನೆ ತುಂಬ ಜನ, ಇವರನ್ನು ಎತ್ತಿಕೊಂಡು ಹೋಗುವಾಗಲೂ ನಾನು ಹೀಗೆ ಅತ್ತಿರಲಿಲ್ಲ. ಒಂದು ಗುಟುಕಿಗೆ, ಅದೂ ಕೆಮ್ಮಿಗೆ, ಈ ಮನುಷ್ಯ ಒಬ್ಬರೇ ಬಂದು ಕೆನ್ನೆ ಬಡಿದುಕೊಂಡರಲ್ಲ. ನಾನು ಇವರನ್ನು ಮೋಸಗಾರ ಅಂತ ಇದೇ ಡೈರಿಯಲ್ಲಿ ಬರೆದಿದ್ದೇನೆ. ಹೊಡೆದು ಹಾಕಲ್ಲ, ಇರಲಿ ಅದು.

ಆಮೇಲೆ ಕರ್ಪೂರ ಹಚ್ಚಿದರು. "ನನ್ನ ಯಜಮಾನರ ಆಣೆ ಬಿಟ್ಟೆ ಮುನೇಶ್ವರ" ಅಂದೆ. ಜೋರಾಗಿ ಹೇಳಿ ಅಂತ ಮತ್ತೊಂದು ಸಲ ಹೇಳಿಸಿದರು. ಹೊರಡುವಷ್ಟರಲ್ಲಿ ಪೂಜಾರಿ ಕರೆದರು. "ನಿಮ್ದೂ ಬಿಡ್ಬೇಕಲ್ಲಮ್ಮ. ಜೊತೇಲಿ ಮಾಡಿದ್ದು."

ನನ್ನದನ್ನೂ ಬಿಟ್ಟೆ.

ಸೆಪ್ಟೆಂಬರ್ 21, ಭಾನುವಾರ

ಎಡೆ ಆಯಿತು.

ಬೆಳಿಗ್ಗೆಯಿಂದ ಅಡುಗೆ. ಸುಮಾ ಮತ್ತು ಅಳಿಯ ನಿನ್ನೆಯೇ ಬಂದಿದ್ದರು. ಬಾಳೆ ಎಲೆಯ ಮೇಲೆ ಮುದ್ದೆ, ಮಟನ್ ಸಾರು, ಕೋಳಿ, ವಡೆ, ಕಜ್ಜಾಯ. ಪಕ್ಕದಲ್ಲಿ ಹೊಸ ಪಂಚೆ ಶರ್ಟು. ವಿಜಿ ಬ್ರಾಂದಿ ತಂದು ಇಟ್ಟ. ನಾನು ಅಕ್ಕಿ ಡಬ್ಬದಿಂದ ಬಾಟಲಿ ತೆಗೆದು, ಸುಮಾಳ ಮದುವೆಗೆ ಉಡುಗೊರೆ ಬಂದಿದ್ದ ಗಾಜಿನ ಲೋಟದಲ್ಲಿ ಸುರಿದು ಎಲೆಯ ಬಲಗಡೆ ಇಟ್ಟೆ. ಎಲ್ಲರೂ ನೋಡಿದರು. ಅತ್ತೆ ಮಾತ್ರ ಬಗ್ಗಿ ಮೂಸಿದರು. ತುಂಬ ಹೊತ್ತು ಮೂಸಿದರು.

"ನಮ್ ಚಪ್ಪರದ್ದು" ಅಂದರು. ಆಮೇಲೆ, "ಅದೇನೋ ಉಗಿಯೋ ಬಕೀಟು ಅಂದ್ಯಲ್ಲ, ಇಕ್ಕಲ್ವೇನವ್ವ?"

"ಬೇಡ ಅತ್ತೆ. ಇವತ್ತು ನುಂಗ್ಲಿ."

ಧೂಪ ಹಾಕಿ, ಬಾಗಿಲು ಎಳೆದುಕೊಂಡು, ಎಲ್ಲರೂ ಹೊರಗೆ ಬಂದು ಕೂತೆವು. ಒಳಗೆ ಹಿರಿಯರು ಬಂದು ಉಣ್ಣುವ ಹೊತ್ತು, ಯಾರೂ ಮಾತಾಡಬಾರದು. ನಾನು ಬಾಗಿಲನ್ನೇ ನೋಡುತ್ತಿದ್ದೆ. ಮಂಡಿ ನೋವಿನವರು, ನಿಧಾನಕ್ಕೆ ಕೂರಬೇಕು, ಅವಸರ ಮಾಡಬಾರದು. ವಿಜಿ ಎದ್ದು ಬಾಗಿಲು ತಳ್ಳಲು ಹೋದಾಗ ಇನ್ನೂ ಸ್ವಲ್ಪ ಹೊತ್ತು ಇರು ಅಂದೆ.

ಬಾಗಿಲು ತೆಗೆದ ಮೇಲೆ ಎಡೆ ಎತ್ತಿದೆವು. ವಿಜಿ ಬ್ರಾಂದಿ ತೆಗೆದುಕೊಂಡ, ಅಭ್ಯಾಸ ಬಲದಿಂದ ಗಾಜಿನ ಲೋಟಕ್ಕೂ ಕೈ ಚಾಚಿದ.

"ಅದು ನಂದು" ಅಂದೆ.

ಅವನು ಅತ್ತೆಯ ಮುಖ ನೋಡಿದ. ಅತ್ತೆ ಕೋಳಿ ಮೂಳೆ ಚೀಪುತ್ತಿದ್ದರು. ಸುಮಾ "ಅಮ್ಮಾ?" ಅಂದಳು. ನಾನು ಅಲ್ಲೇ, ಎಲೆಯ ಮುಂದೆ, ಇವರ ಫೋಟೋದ ಎದುರಿಗೆ ಕೂತು ಲೋಟ ಎತ್ತಿದೆ. ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದೆ. ಸಿಹಿ, ಒಗರು, ಸಿಪ್ಪೆಯ ಹುಳಿ. ಬಿಸಿಲು. ಎಷ್ಟು ಹೊತ್ತು ಹಾಗೇ ಇಟ್ಟುಕೊಂಡಿದ್ದೆನೋ, ಕೈ ತಾನಾಗಿಯೇ ಪಕ್ಕದಲ್ಲಿ ಬಕೆಟ್ ತಡಕಾಡಿತು.

ಇರಲಿಲ್ಲ. ನುಂಗಿದೆ.